ಎದೆಯ ಮೇಲೆ ಕೂತವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ರಾತ್ರಿ ಮೂರು ಗಂಟೆ ಅಂತಿಟ್ಟುಕೊಳ್ಳಿ. ನಿಮಗೆ ಎಚ್ಚರವಾಗುತ್ತದೆ. ಕಣ್ಣು ಬಿಟ್ಟಿದ್ದೀರಿ. ಫ್ಯಾನ್ ತಿರುಗುವ ಸದ್ದು ಕೇಳುತ್ತಿದೆ. ಪಕ್ಕದಲ್ಲಿ ಮಲಗಿದವರ ಉಸಿರೂ ಕೇಳುತ್ತಿದೆ. ಕೈ ಎತ್ತೋಣ ಅಂದರೆ ಕೈ ಏಳುವುದಿಲ್ಲ. ಕೂಗೋಣ ಅಂದರೆ ದನಿ ಹೊರಡುವುದಿಲ್ಲ. ಅಷ್ಟರಲ್ಲಿ ಬಾಗಿಲ ಹತ್ತಿರ ಯಾರೋ ಇದ್ದಾರೆ ಅನಿಸುತ್ತದೆ. ಮುಖ ಕಾಣುವುದಿಲ್ಲ, ಆದರೂ ಇದ್ದಾರೆ ಅಂತ ಖಂಡಿತ ಗೊತ್ತು. ಅವರು ಹತ್ತಿರ ಬರುತ್ತಾರೆ. ಎದೆಯ ಮೇಲೆ ಭಾರ ಬೀಳುತ್ತದೆ. ಉಸಿರು ಕಟ್ಟುತ್ತದೆ. ಒಂದು ನಿಮಿಷವೋ ಎರಡು ನಿಮಿಷವೋ. ಥಟ್ಟನೆ ಎಲ್ಲ ಬಿಟ್ಟುಹೋಗಿ, ನೀವು ಬೆವೆತು ಎದ್ದು ಕೂರುತ್ತೀರಿ.

ಬೆಳಿಗ್ಗೆ ಇದನ್ನು ಯಾರಿಗಾದರೂ ಹೇಳಿ ನೋಡಿ. ಒಬ್ಬರು ‘ಗಾಳಿ ಸೋಕಿದೆ’ ಅನ್ನುತ್ತಾರೆ. ಇನ್ನೊಬ್ಬರು ‘ಸುಮ್ನಿರು, ಏನೋ ಕನಸು ಬಿದ್ದಿರಬೇಕು’ ಅಂತ ನಗುತ್ತಾರೆ. ನನಗೆ ಈ ನಗುವವರ ಮೇಲೆ ಸ್ವಲ್ಪ ಜಾಸ್ತಿನೇ ಸಿಟ್ಟು. ಯಾಕೆಂದರೆ ಅದು ಬರೀ ಕನಸಲ್ಲ. ಅದನ್ನು ಅನುಭವಿಸಿದವರು ನಿಜವಾಗಿಯೂ ಎಚ್ಚರವಾಗಿದ್ದರು. ಕೈಕಾಲು ನಿಜವಾಗಿಯೂ ಆಡುತ್ತಿರಲಿಲ್ಲ.

ವೈದ್ಯರು ಇದಕ್ಕೆ ಸ್ಲೀಪ್ ಪೆರಾಲಿಸಿಸ್ ಅನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಲಕ್ವ ಹೊಡೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಜೋರಾಗಿ ಕನಸು ಕಾಣುವ ಹೊತ್ತಿನಲ್ಲಿ ಮೆದುಳು ನಮ್ಮ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ಕನಸಿನಲ್ಲಿ ಓಡಿದರೆ ಹಾಸಿಗೆಯಿಂದಲೂ ಎದ್ದು ಓಡಬಾರದಲ್ಲ, ಅದಕ್ಕೆ. ಕಣ್ಣು ಆಡಿಸುವ ಸ್ನಾಯುಗಳನ್ನೂ, ಉಸಿರಾಟ ನಡೆಸುವ ವಪೆಯನ್ನೂ ಮಾತ್ರ ಬಿಟ್ಟಿರುತ್ತದೆ. ಸಾಮಾನ್ಯವಾಗಿ ಎಚ್ಚರ ಆಗುವುದೂ ಈ ಕಟ್ಟು ಬಿಚ್ಚುವುದೂ ಒಟ್ಟಿಗೇ ನಡೆಯುತ್ತವೆ. ಒಮ್ಮೊಮ್ಮೆ ಎಚ್ಚರ ಮೊದಲು ಬಂದುಬಿಡುತ್ತದೆ. ಆಗ ದೇಹ ಇನ್ನೂ ನಿದ್ದೆಯಲ್ಲಿ, ನೀವು ಮಾತ್ರ ಎದ್ದಿದ್ದೀರಿ. ಕನಸಿನ ಚೂರುಗಳೂ ಇನ್ನೂ ಕೋಣೆಯಲ್ಲೇ ಓಡಾಡುತ್ತಿರುತ್ತವೆ. ಗಾಬರಿಯಲ್ಲಿ ದೀರ್ಘವಾಗಿ ಉಸಿರೆಳೆಯಲು ಹೋಗುತ್ತೀರಿ. ಪಕ್ಕೆಯ ಸ್ನಾಯುಗಳು ಮಾತು ಕೇಳುವುದಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗಾಗುವುದು ಅದಕ್ಕೇ.

ಭಾರದ ಲೆಕ್ಕ ಸಿಕ್ಕಿತು. ಆದರೆ ಆ ‘ಯಾರೋ’ ಎಲ್ಲಿಂದ ಬಂದರು?

2006ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಅಪಸ್ಮಾರ ಇದ್ದ 22 ವರ್ಷದ ಒಬ್ಬ ಯುವತಿಗೆ ಶಸ್ತ್ರಚಿಕಿತ್ಸೆಗೆ ಮೊದಲಿನ ಪರೀಕ್ಷೆ ನಡೆಯುತ್ತಿತ್ತು. ಮೆದುಳಿನ ಎಡಭಾಗದಲ್ಲಿ, ಕಿವಿಯ ಮೇಲಕ್ಕೆ ಸ್ವಲ್ಪ ಹಿಂದಿರುವ ಒಂದು ಜಾಗಕ್ಕೆ ಸಣ್ಣಗೆ ವಿದ್ಯುತ್ ಹಾಯಿಸಿದರು. ತಕ್ಷಣ ಆಕೆಗೆ ತನ್ನ ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸಿತು. ಆಕೆ ಮಲಗಿದರೆ ಅವನೂ ಕೆಳಗೆ ಮಲಗಿದ್ದಾನೆ. ಎದ್ದು ಮೊಣಕಾಲು ತಬ್ಬಿ ಕೂತರೆ ಅವನು ಹಿಂದಿನಿಂದ ಆಕೆಯನ್ನೇ ತಬ್ಬಿದ್ದಾನೆ, ಅದು ಅಸಹ್ಯ ಅನಿಸಿತು. ಕೈಗೆ ಒಂದು ಕಾರ್ಡ್ ಕೊಟ್ಟು ಓದಲು ಹೇಳಿದರೆ, ಅವನು ಕಾರ್ಡ್ ಕಿತ್ತುಕೊಳ್ಳಲು ನೋಡುತ್ತಿದ್ದಾನೆ ಅಂದಳು. ನಮ್ಮ ದೇಹ ಎಲ್ಲಿದೆ, ಹೇಗಿದೆ ಅಂತ ಮೆದುಳು ಲೆಕ್ಕ ಇಟ್ಟುಕೊಳ್ಳುವ ಜಾಗ ಅದು. ಆ ಲೆಕ್ಕ ತಪ್ಪಿದಾಗ ನಮ್ಮದೇ ನೆರಳು ಇನ್ನೊಬ್ಬರಾಗಿ ಬಂದು ನಿಲ್ಲುತ್ತದೆ. ಅರೆನಿದ್ದೆಯಲ್ಲೂ ಹೀಗೇ ಏನೋ ಆಗುತ್ತಿರಬಹುದು ಅನ್ನುವುದು ಒಂದು ಊಹೆ.

ನೆರಳಿಗೆ ಹೆಸರಿಡುವುದು ಮಾತ್ರ ಆಯಾ ನಾಡಿನವರು. ಜಪಾನಿನಲ್ಲಿ ಇದು ಕನಶಿಬರಿ, ಲೋಹದಿಂದ ಬಿಗಿದು ಕಟ್ಟಿದ ಹಾಗೆ. ಟರ್ಕಿಯಲ್ಲಿ ಕರಬಸನ್, ಅಮುಕುವ ಕರಿಯ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಬ್ಬ ಮುದಿ ಮಾಟಗಾತಿ. ಇಂಗ್ಲಿಷಿನ ನೈಟ್‌ಮೇರ್ ಪದದಲ್ಲಿರುವ ‘ಮೇರ್’ ಹೆಣ್ಣುಕುದುರೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅದು ಕುದುರೆಯಲ್ಲ, ಮಲಗಿದವರ ಎದೆಯ ಮೇಲೆ ಕೂರುವ ಮಾರಾ ಅನ್ನುವ ಪಿಶಾಚಿ. 1781ರಲ್ಲಿ ಫ್ಯೂಸೆಲಿ ಎಂಬ ಕಲಾವಿದ ಬರೆದ ಪ್ರಸಿದ್ಧ ಚಿತ್ರದಲ್ಲಿ ಎರಡೂ ಇವೆ ಅನ್ನಿ: ಹುಡುಗಿಯ ಎದೆಯ ಮೇಲೆ ಪಿಶಾಚಿ, ಪರದೆಯ ಸಂದಿಯಲ್ಲಿ ಕುದುರೆಯ ತಲೆ.

ಇದು ಎಷ್ಟು ಜನಕ್ಕೆ ಆಗುತ್ತದೆ? 36,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 35 ಅಧ್ಯಯನಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದರು. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಆಗಿತ್ತು. ವಿದ್ಯಾರ್ಥಿಗಳಲ್ಲಿ ನೂರಕ್ಕೆ 28. ಮನೋವೈದ್ಯರ ಬಳಿ ಬಂದವರಲ್ಲಿ ನೂರಕ್ಕೆ 32. ಪರೀಕ್ಷೆ ಅಂತ ನಿದ್ದೆಗೆಡುವ ಹುಡುಗರೂ, ಆತಂಕದಿಂದ ನಿದ್ದೆ ಕಳೆದುಕೊಂಡವರೂ ಇಲ್ಲಿ ಹತ್ತಿರ ಹತ್ತಿರ ಕೂತಿದ್ದಾರೆ, ಅಲ್ವಾ?

ನನಗೆ ಇದು ಮೊದಲು ಆಗಿದ್ದು ರಾತ್ರಿಪಾಳಿ ಮಾಡುತ್ತಿದ್ದ ದಿನಗಳಲ್ಲಿ. ಬಾಗಿಲ ಹಿಂದೆ ಒಬ್ಬ ಗಂಡಸು ನಿಂತಿದ್ದ. ಅವನಿಗೆ ತಲೆ ಇರಲಿಲ್ಲ. ಮರುದಿನದಿಂದ ದೀಪ ಹಾಕಿಕೊಂಡೇ ಮಲಗಿದೆ. ಬೆಳಕಿಗೆ ನಿದ್ದೆ ಸರಿಯಾಗಿ ಹತ್ತದು. ಬಾಗಿಲು ಕಾಣುತ್ತಿರಲಿ ಅಂತ ಅಂಗಾತ ಮಲಗುತ್ತಿದ್ದೆ. ಅಂಗಾತ ಮಲಗಿದರೆ ಇದು ಜಾಸ್ತಿ ಅಂತ ನನಗೇನು ಗೊತ್ತು! ಒಂದು ವಾರದಲ್ಲಿ ಮೂರು ಸಲ ಬಂದ. ನಾನೇ ಕರೆದು ಕೂರಿಸಿಕೊಂಡ ಹಾಗಾಯಿತು. ಈಜಿಪ್ಟಿನವರನ್ನೂ ಡೆನ್ಮಾರ್ಕಿನವರನ್ನೂ ಹೋಲಿಸಿದ ಒಂದು ಅಧ್ಯಯನದಲ್ಲೂ ಇಂಥದ್ದೇ ಕಂಡಿದೆ. ಈಜಿಪ್ಟಿನವರಿಗೆ ಇದು ಹೆಚ್ಚು ಸಲ ಆಗುತ್ತಿತ್ತು, ಹೆಚ್ಚು ಹೊತ್ತು ಇರುತ್ತಿತ್ತು, ಸತ್ತೇಹೋಗುತ್ತೇನೆ ಅನ್ನುವ ಭಯವೂ ಜಾಸ್ತಿ. ಅಲ್ಲಿ ಹಲವರು ಇದನ್ನು ಜಿನ್ನ್ ಕಾಟ ಅಂತ ನಂಬುತ್ತಾರೆ. ನಂಬಿಕೆ ಹೆದರಿಸುತ್ತದೆ, ಹೆದರಿಕೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮತ್ತೆ ಅವನನ್ನೇ ಕರೆತರುತ್ತದೆ.

ಹಾಗಂತ ದೆವ್ವದ ಮಾತನ್ನು ತಳ್ಳಿಹಾಕಿದರೆ ಕೆಲಸ ಮುಗಿಯುವುದಿಲ್ಲ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ತಪ್ಪಿಸಿಕೊಂಡು ಅಮೆರಿಕ ಸೇರಿದವರಲ್ಲಿ ಎಷ್ಟೋ ಮಂದಿಗೆ ವರ್ಷಗಳ ನಂತರವೂ ಈ ಅಮುಕು ಬಿಡಲಿಲ್ಲ. ಅವರ ಭಾಷೆಯಲ್ಲಿ ಅದಕ್ಕೆ ‘ದೆವ್ವ ಅದುಮುವುದು’ ಅಂತಲೇ ಹೆಸರು. ಮಾನಸಿಕ ಆಘಾತದ ಕಾಯಿಲೆ ಇದ್ದವರಲ್ಲಿ ಅದು ಉಳಿದವರಿಗಿಂತ ಬಹಳ ಜಾಸ್ತಿ ಅಂತ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಕಂಡುಕೊಂಡರು. ಅವರು ‘ದೆವ್ವ ಇಲ್ಲ’ ಅಂತ ವಾದಕ್ಕೆ ಕೂರಲಿಲ್ಲ. ಏನು ಕಂಡಿತು, ಅದು ಯಾರು ಅಂದುಕೊಂಡಿರಿ, ಅದರಿಂದ ಏನಾಗುತ್ತದೆ ಅಂತ ಹೆದರಿದ್ದೀರಿ ಅಂತ ಕೇಳಿದರು. ಆ ಕಪ್ಪು ನೆರಳಿನ ಹಿಂದೆ ಎಷ್ಟೋ ಸಲ ಕಣ್ಣೆದುರೇ ಸತ್ತವರ ನೆನಪು ಇರುತ್ತಿತ್ತು. ಹಗಲಲ್ಲಿ ಬಾಯಿಬಿಡಲಾಗದ ಮಾತು ರಾತ್ರಿ ದೆವ್ವದ ನೆಪದಲ್ಲಿ ಹೊರಗೆ ಬಂತು.

ನಿಮ್ಮ ಮನೆಯಲ್ಲಿ ಯಾರಾದರೂ ‘ರಾತ್ರಿ ಯಾರೋ ಬರುತ್ತಾರೆ’ ಅಂದರೆ ನೀವೂ ಹಾಗೇ ಕೇಳಿ. ಯಾರು? ಯಾವಾಗಿನಿಂದ? ಆಗ ಮನೆಯಲ್ಲಿ ಏನಾಗಿತ್ತು? ಹೊಡೆದು, ಕಟ್ಟಿ, ಹೊಗೆ ಹಾಕಿ ಬಿಡಿಸುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ. ನಿದ್ದೆಯ ಅಂಚಿನಲ್ಲಿ ಅಪರೂಪಕ್ಕೊಮ್ಮೆ ಬಂದರೆ ಅಪಾಯವೇನಿಲ್ಲ. ಪೂರ್ತಿ ಎಚ್ಚರವಿದ್ದಾಗಲೂ, ಹಗಲಲ್ಲೂ ದನಿ ಕೇಳುತ್ತಿದ್ದರೆ, ಯಾರೋ ಕಾಣುತ್ತಿದ್ದರೆ ಅದು ಬೇರೆಯೇ ವಿಷಯ, ಮನೋವೈದ್ಯರನ್ನು ನೋಡಲೇಬೇಕು. ಹಗಲು ಕೂತಲ್ಲೇ ನಿದ್ದೆಗೆ ಬೀಳುವವರೂ, ಇದರ ಭಯಕ್ಕೆ ಮಲಗುವುದನ್ನೇ ಬಿಟ್ಟವರೂ ವೈದ್ಯರಿಗೆ ತೋರಿಸಿಕೊಳ್ಳಬೇಕು. ಉಳಿದವರು ಮಗ್ಗುಲಾಗಿ ಮಲಗಿ, ದಿನಾ ಒಂದೇ ಹೊತ್ತಿಗೆ ಮಲಗಿ.

ನನಗೆ ಕಳೆದ ವರ್ಷ ಮತ್ತೊಮ್ಮೆ ಆಯಿತು. ಈ ಸಲ ಕೂಗಲು ಹೋಗಲಿಲ್ಲ. ಉಸಿರು ತಾನೇ ನಡೆಯುತ್ತಿದೆ ಅಂತ ನೆನಪಿಸಿಕೊಂಡು, ಕಾಲಿನ ಕಿರುಬೆರಳೊಂದನ್ನೇ ಆಡಿಸಲು ನೋಡುತ್ತಾ ಇದ್ದೆ. ಬೆರಳು ಆಡಿತು. ಬಾಗಿಲ ಹಿಂದೆ ಮೊಳೆಗೆ ನನ್ನ ಅಂಗಿ ನೇತಾಡುತ್ತಿತ್ತು. ಮಗ್ಗುಲು ಬದಲಿಸಿ ಮಲಗಿದೆ.

ನಮಸ್ಕಾರ.