ಬ್ರೆಕ್ಸಿಟ್ ಮತ ಮತ್ತು ವಯಸ್ಸಿನ ಲೆಕ್ಕ

ಕೇಳುಗರೆ, ನಮಸ್ಕಾರ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. ಅದು ನಿಂತಿರುವುದು ಲ್ಯಾಂಬೆತ್ ಎಂಬ ಭಾಗದಲ್ಲಿ. 2015ರ ನವೆಂಬರ್‌ನಲ್ಲಿ ಅದರ ಅನಾವರಣವಾಯಿತು. ಅದಾಗಿ ಏಳು ತಿಂಗಳಿಗೆ, 2016ರ ಜೂನ್ 23ರಂದು, ಬ್ರಿಟನ್ನಿನಲ್ಲಿ ಜನಮತಗಣನೆ ನಡೆಯಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಬಿಡಬೇಕೋ ಎಂಬುದೇ ಪ್ರಶ್ನೆ. ಹೀಗೆ ಒಕ್ಕೂಟ ಬಿಡುವುದನ್ನೇ ಬ್ರೆಕ್ಸಿಟ್ ಎನ್ನುತ್ತಾರೆ. ಲ್ಯಾಂಬೆತ್‌ನಲ್ಲಿ ನೂರಕ್ಕೆ 78ಕ್ಕೂ ಜಾಸ್ತಿ ಮತ ಉಳಿಯುವ ಪರವಾಗಿ ಬಿತ್ತು. ಇಂಗ್ಲೆಂಡಿನ ಪೂರ್ವ ಭಾಗದ ಬಾಸ್ಟನ್ ಎಂಬ ಊರಿನಲ್ಲಿ ನೂರಕ್ಕೆ 75ಕ್ಕೂ ಜಾಸ್ತಿ ಮತ ಬಿಡುವ ಪರವಾಗಿ ಬಿತ್ತು. ಇಡೀ ದೇಶದ ಲೆಕ್ಕ ಕೂಡಿದಾಗ ಬಿಡೋಣ ಎಂದವರು ನೂರಕ್ಕೆ 51.9, ಉಳಿಯೋಣ ಎಂದವರು 48.1. ಮರುದಿನ ಬೆಳಿಗ್ಗೆ ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು.

ಊರಿಗೂ ಊರಿಗೂ ಇದ್ದ ಅಂತರ ಅಂದು ರಾತ್ರಿಯೇ ಗೊತ್ತಾಯಿತು. ವಯಸ್ಸಿಗೂ ವಯಸ್ಸಿಗೂ ಇದ್ದ ಅಂತರ ಮತ ಎಣಿಸುವಾಗ ಕಾಣುವಂಥದ್ದಲ್ಲ. ಮತಚೀಟಿಯ ಮೇಲೆ ಯಾರೂ ವಯಸ್ಸು ಬರೆಯುವುದಿಲ್ಲ, ಅಲ್ವಾ? ಅದನ್ನು ಸಮೀಕ್ಷೆಗಳಿಂದಲೇ ತಿಳಿಯಬೇಕು. ಸಮೀಕ್ಷೆಗಳನ್ನು ನಡೆಸುವ ಬ್ರಿಟನ್ನಿನ ಉದ್ಯಮಿ ಲಾರ್ಡ್ ಆಶ್‌ಕ್ರಾಫ್ಟ್ ಅವರು ಮತ ಹಾಕಿದ 12,000ಕ್ಕೂ ಹೆಚ್ಚು ಜನರನ್ನು ಕೇಳಿಸಿದ್ದರು. 18ರಿಂದ 24 ವಯಸ್ಸಿನವರಲ್ಲಿ ನೂರಕ್ಕೆ 73 ಮಂದಿ ಉಳಿಯುವ ಕಡೆಗಿದ್ದರು. 65 ದಾಟಿದವರಲ್ಲಿ 60 ಮಂದಿ ಬಿಡುವ ಕಡೆಗಿದ್ದರು. ನಡುವಿನ ವಯಸ್ಸಿನವರಲ್ಲಿ ಮೆಟ್ಟಿಲು ಇಳಿದ ಹಾಗೆ ಒಂದೊಂದು ಗುಂಪಿಗೂ ಒಕ್ಕೂಟದ ಮೇಲಿನ ಒಲವು ಕಡಿಮೆಯಾಗುತ್ತಾ ಹೋಯಿತು. ಸುಮಾರು 45ರ ಹತ್ತಿರ ತಕ್ಕಡಿ ಬಿಡುವ ಕಡೆಗೆ ವಾಲಿತು.

ಆ ವಾರವೇ ಒಂದು ಮಾತು ಹುಟ್ಟಿತು. ಮುದುಕರು ಮಕ್ಕಳ ಭವಿಷ್ಯ ಕಸಿದುಕೊಂಡರು ಎಂಬ ಮಾತು. ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜ ಅಜ್ಜಿಯರ ಜೊತೆ ಜಗಳವಾಡಿದರು. ಅದಕ್ಕೆ ಉತ್ತರವಾಗಿ ಇನ್ನೊಂದು ಮಾತು ಬಂತು. ಯುವಕರಲ್ಲಿ ನೂರಕ್ಕೆ 36 ಮಂದಿ ಮಾತ್ರ ಮತ ಹಾಕಿದ್ದಾರೆ, ಸೋಮಾರಿಗಳು ಈಗ ಯಾಕೆ ಅಳಬೇಕು ಎಂದು. ಈ 36ರ ಅಂಕಿ ಪ್ರಪಂಚವನ್ನೆಲ್ಲ ಸುತ್ತಿತು. ಆದರೆ ಅದು ಜನಮತಗಣನೆಯಲ್ಲಿ ಮತ ಹಾಕಿದವರನ್ನು ಎಣಿಸಿ ತೆಗೆದ ಅಂಕಿ ಅಲ್ಲ. ಹಿಂದಿನ ಚುನಾವಣೆಯ ಮಾಹಿತಿಯಿಂದ ಕಟ್ಟಿದ ಅಂದಾಜು. ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ನೋಡಿದಾಗ 18ರಿಂದ 24ರವರಲ್ಲಿ ನೂರಕ್ಕೆ ಸುಮಾರು 64 ಮಂದಿ ಮತ ಹಾಕಿದ್ದರು ಎಂದು ಕಂಡುಬಂತು. ಹಿರಿಯರಲ್ಲಿ ಅದು 90ರ ಆಸುಪಾಸು. ಅಂತರ ಇತ್ತು, ನಿಜ. ಆದರೆ ಒಂದು ಇಡೀ ಪೀಳಿಗೆಯನ್ನು ಸುಮ್ನೆ ಸೋಮಾರಿ ಎಂದು ಕರೆದದ್ದು ಅನ್ಯಾಯ.

ಹಿರಿಯರ ಮೇಲಿನ ಆರೋಪವೂ ಅಷ್ಟೇ ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. ಅವರು ಎರಡನೇ ಮಹಾಯುದ್ಧದ ಗುಂಗಿನಲ್ಲಿ ಯುರೋಪನ್ನು ದೂರ ತಳ್ಳಿದರು ಎಂದು ಹಲವರು ಹೇಳಿದರು. ಸ್ವಲ್ಪ ಲೆಕ್ಕ ಹಾಕಿ. ಯುದ್ಧ ಮುಗಿದ 1945ರಲ್ಲಿ 18 ವರ್ಷದವರಾಗಿದ್ದವರಿಗೆ 2016ರಲ್ಲಿ 89. ಅಂಥವರು ಕೆಲವರೇ ಉಳಿದಿದ್ದರು. 2016ರಲ್ಲಿ 65 ತುಂಬಿದವರು ಹುಟ್ಟಿದ್ದೇ 1951ರಲ್ಲಿ. ಬ್ರಿಟನ್ 1973ರ ಆರಂಭದಲ್ಲಿ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯ ಸೇರಿದಾಗ ಅವರು 21ರ ಹರೆಯದವರು. 1975ರ ಜೂನ್‌ನಲ್ಲಿ, ಉಳಿಯಬೇಕೇ ಎಂದು ಮೊದಲ ಸಲ ಕೇಳಿದಾಗ ಅವರೂ ಮತ ಹಾಕಿದ್ದರು. ಆಗ ದೇಶದಲ್ಲಿ ನೂರಕ್ಕೆ 67 ಮತ ಉಳಿಯುವುದಕ್ಕೇ ಬಿದ್ದಿತ್ತು! ಹುಟ್ಟಿನಿಂದಲೇ ಯುರೋಪಿನ ಮೇಲೆ ಹಗೆ ಇಟ್ಟುಕೊಂಡ ಪೀಳಿಗೆಯೇನೂ ಅದಲ್ಲ.

ಹಾಗಾದರೆ ನಲವತ್ತೊಂದು ವರ್ಷದಲ್ಲಿ ಏನಾಯಿತು? 1975ರಲ್ಲಿ ಜನ ಅದನ್ನು ಕಾಮನ್ ಮಾರ್ಕೆಟ್ ಎಂದು ಕರೆಯುತ್ತಿದ್ದರು. ಒಂಬತ್ತು ದೇಶಗಳ ಒಂದು ಮಾರುಕಟ್ಟೆ. 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಅದು ರಾಜಕೀಯ ಒಕ್ಕೂಟವಾಯಿತು. ಫ್ರಾನ್ಸ್ ಮತ್ತು ಡೆನ್ಮಾರ್ಕ್ ಅದರ ಬಗ್ಗೆ ತಮ್ಮ ಜನರನ್ನು ಕೇಳಿದವು. ಬ್ರಿಟನ್ ಕೇಳಲಿಲ್ಲ. 2016ರ ಹೊತ್ತಿಗೆ ಒಕ್ಕೂಟದಲ್ಲಿ 28 ದೇಶಗಳಿದ್ದವು. ನಾವು ಒಪ್ಪಿದ್ದು ವ್ಯಾಪಾರಕ್ಕೆ, ಬಂದದ್ದು ಬೇರೆ ಎಂದು ಹಿರಿಯರು ಹೇಳಿದರೆ ಅದರಲ್ಲಿ ಹುರುಳಿಲ್ಲ ಎನ್ನಲಾಗದು.

ಯುವಕರು ಕಂಡ ಒಕ್ಕೂಟವೇ ಬೇರೆ. ಅವರು ಹುಟ್ಟಿದಾಗಲೇ ಅದು ಇತ್ತು. ಬಾರ್ಸಿಲೋನಾದಲ್ಲಿ ಕೆಲಸ, ಬರ್ಲಿನ್‌ನಲ್ಲಿ ಬಾಡಿಗೆ ಮನೆ, ಯಾವುದಕ್ಕೂ ವೀಸಾ ಬೇಡ. ಎರಾಸ್ಮಸ್ ಯೋಜನೆಯಲ್ಲಿ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋಗಿ ಒಂದು ವರ್ಷ ಓದಬಹುದಿತ್ತು. ಓದಿನ ಮಾತು ಬಂದಾಗ ಇನ್ನೊಂದು ವಿಷಯ ಹೇಳಬೇಕು. ಹಿರಿಯರ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಬಹಳ ಕಡಿಮೆ. ಈಗ ಹೆಚ್ಚುಕಡಿಮೆ ಅರ್ಧದಷ್ಟು ಯುವಜನ ಹೋಗುತ್ತಾರೆ. ಪದವಿ ಇದ್ದವರು ಹೆಚ್ಚಾಗಿ ಉಳಿಯುವ ಕಡೆ, ಇಲ್ಲದವರು ಬಿಡುವ ಕಡೆ. ವಯಸ್ಸಿನ ಅಂತರ ಎಂದು ನಾವು ಕರೆಯುವುದರಲ್ಲಿ ಓದಿನ ಅಂತರವೂ ಸೇರಿಕೊಂಡಿದೆ.

ಊರಿನ ಅಂತರವೂ ಸೇರಿಕೊಂಡಿದೆ. ಆಗಲೇ ಹೇಳಿದ ಬಾಸ್ಟನ್ ತರಕಾರಿ ಬೆಳೆಯುವ ಸೀಮೆ. 2004ರಲ್ಲಿ ಪೋಲೆಂಡ್, ಲಿಥುವೇನಿಯಾದಂಥ ದೇಶಗಳು ಒಕ್ಕೂಟ ಸೇರಿದ ಮೇಲೆ ಅಲ್ಲಿನ ಹೊಲಗಳಿಗೆ, ಪ್ಯಾಕಿಂಗ್ ಶೆಡ್ಡುಗಳಿಗೆ ಪೂರ್ವ ಯುರೋಪಿನ ಕೆಲಸಗಾರರು ದೊಡ್ಡ ಸಂಖ್ಯೆಯಲ್ಲಿ ಬಂದರು. ಕೆಲವೇ ವರ್ಷಗಳಲ್ಲಿ ಊರಿನ ಮುಖವೇ ಬದಲಾಯಿತು. ಇಂಥ ಸಣ್ಣ ಊರುಗಳ ಮಕ್ಕಳು ಓದಲು ಪಟ್ಟಣ ಸೇರುತ್ತಾರೆ. ಊರಲ್ಲಿ ಉಳಿಯುವವರು ವಯಸ್ಸಾದವರು. ಅವರಿಗೆ ಒಕ್ಕೂಟ ಎಂದರೆ ವೈದ್ಯರ ಬಳಿ ಉದ್ದವಾದ ಸಾಲು, ಸಿಗದ ಬಾಡಿಗೆ ಮನೆ. ಲ್ಯಾಂಬೆತ್‌ನ ಯುವತಿಗೆ ಅದೇ ಒಕ್ಕೂಟ ಎಂದರೆ ತೆರೆದ ದಾರಿ.

ವಯಸ್ಸಾದವರು ಯಾವಾಗಲೂ ಒಡೆಯುವ ಕಡೆಗೇ ನಿಲ್ಲುತ್ತಾರೆಯೇ? ಖಂಡಿತ ಇಲ್ಲ. ಎರಡು ವರ್ಷ ಹಿಂದೆ ಹೋಗೋಣ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್ ತನ್ನ ಜನರನ್ನು ಕೇಳಿತ್ತು, ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗೋಣವೇ ಎಂದು. ಅದೂ ಒಂದು ಒಕ್ಕೂಟ ಬಿಡುವ ಪ್ರಶ್ನೆಯೇ. ಅಲ್ಲಿ 65 ದಾಟಿದವರಲ್ಲಿ ನೂರಕ್ಕೆ 73 ಮಂದಿ ಬೇಡ ಎಂದರು ಎಂದು ಇದೇ ಆಶ್‌ಕ್ರಾಫ್ಟ್ ಸಮೀಕ್ಷೆ ಹೇಳಿತು. 25ರಿಂದ 34ರವರಲ್ಲಿ ಹೆಚ್ಚಿನವರು ಬೇಕು ಎಂದಿದ್ದರು. ಕೊನೆಗೆ ನೂರಕ್ಕೆ 55 ಮತ ಬೇಡ ಎನ್ನುವುದಕ್ಕೆ ಬಿದ್ದು ಸ್ಕಾಟ್ಲೆಂಡ್ ಉಳಿಯಿತು. ಹಿರಿಯರ ಪಿಂಚಣಿ ಬರುತ್ತಿದ್ದುದು ಬ್ರಿಟನ್ನಿನ ಬೊಕ್ಕಸದಿಂದ. ಉಳಿತಾಯವೆಲ್ಲ ಪೌಂಡಿನಲ್ಲಿ. ಯುದ್ಧದ ನಂತರ ಇಡೀ ಬ್ರಿಟನ್ ಕೂಡಿ ಕಟ್ಟಿದ ಆರೋಗ್ಯ ಸೇವೆಯ ನೆರಳಲ್ಲೇ ಅವರು ಬೆಳೆದಿದ್ದರು. ತಮ್ಮ ಬದುಕಿಗೆ ಆಸರೆಯಾಗಿದ್ದ ದೇಶವನ್ನು ಅವರು ಬಿಡಲಿಲ್ಲ. 2016ರಲ್ಲೂ ಹಿರಿಯರು ಕೈಬಿಡದೆ ಹಿಡಿದದ್ದು ಅದೇ ಬ್ರಿಟನ್ನನ್ನು. ಆಸರೆ ಅಲ್ಲಿಂದ ಬಂದಿತ್ತೇ ಹೊರತು ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಿಂದ ಬಂದಂತೆ ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಈಗ ಯಾರಿಗೆ ಮತ ಇತ್ತು ಎಂಬ ವಿಷಯಕ್ಕೆ ಬರುತ್ತೇನೆ. ನನಗೆ ನೋವು ತರುವುದು ಇದೇ. ಬ್ರಿಟನ್ನಿನಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತ ಇತ್ತು. ಅಂದರೆ ಹಿಂದಿನ ವರ್ಷವಷ್ಟೇ ಮೈಸೂರಿನಿಂದ ಕೆಲಸಕ್ಕೆ ಹೋದ ಭಾರತದ ಪಾಸ್‌ಪೋರ್ಟಿನ ಎಂಜಿನಿಯರ್ ಹೆಸರು ನೋಂದಾಯಿಸಿ ಮತ ಹಾಕಬಹುದಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಸಂಸಾರ ಮಾಡಿಕೊಂಡಿದ್ದ ಫ್ರಾನ್ಸಿನ ಪ್ರಜೆಗೆ ಮತ ಇರಲಿಲ್ಲ. ಅಲ್ಲೇ ಹುಟ್ಟಿ ಬೆಳೆದ 17 ವರ್ಷದ ಹುಡುಗಿಗೂ ಇರಲಿಲ್ಲ. ಸ್ಕಾಟ್ಲೆಂಡಿನ ಜನಮತಗಣನೆಯಲ್ಲಿ 16 ತುಂಬಿದವರೂ ಮತ ಹಾಕಿದ್ದರು, ಚೆನ್ನಾಗಿಯೇ ನಡೆದಿತ್ತು. ಅದನ್ನು ನೋಡಿ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ 2015ರ ಕೊನೆಯಲ್ಲಿ ಇಲ್ಲೂ ಹಾಗೇ ಮಾಡೋಣ ಎಂದು ತಿದ್ದುಪಡಿ ತಂದಿತು. ಕೆಳಮನೆ ಅದನ್ನು ತಳ್ಳಿಹಾಕಿತು.

16, 17ರವರು ಸುಮಾರು 15 ಲಕ್ಷ ಇದ್ದರು. ಗೆಲುವಿನ ಅಂತರ 12 ಲಕ್ಷ 69 ಸಾವಿರ. ಅವರಿಗೆ ಮತ ಕೊಟ್ಟಿದ್ದರೂ ಫಲಿತಾಂಶ ಬಹುಶಃ ತಿರುಗುತ್ತಿರಲಿಲ್ಲ, ಅವರೆಲ್ಲ ಮತಗಟ್ಟೆಗೆ ಬರುವವರಲ್ಲ, ಬಂದವರೆಲ್ಲ ಒಂದೇ ಕಡೆ ಹಾಕುವವರೂ ಅಲ್ಲ. ಆದರೂ ಕೇಳಬೇಕಿತ್ತು. ನಮ್ಮಲ್ಲಿ ಮನೆ ಪಾಲಾಗುವಾಗ ಮೈನರ್ ಮಕ್ಕಳ ಪಾಲಿಗೂ ಯಾರಾದರೂ ನಿಂತು ಮಾತಾಡಲೇಬೇಕು. ಸಾಮಾನ್ಯ ಚುನಾವಣೆಯಾದರೆ ಐದು ವರ್ಷಕ್ಕೆ ಮತ್ತೆ ಬರುತ್ತದೆ, ಇಂದು ಮತ ಇಲ್ಲದವರು ಮುಂದಿನ ಸಲ ಹಾಕುತ್ತಾರೆ. ಒಕ್ಕೂಟ ಬಿಡುವ ತೀರ್ಮಾನ ಹಾಗಲ್ಲ. ಹಿರಿಯರ ಮತದ ತೂಕ ಇಳಿಸಬೇಕು ಎಂದು ಅಂದು ಕೆಲವರು ಬರೆದರು. ಅದು ತಪ್ಪು ದಾರಿ. ಅಜ್ಜಿಯ ಮತ ಕಿತ್ತುಕೊಳ್ಳದೆ ಮೊಮ್ಮಗಳಿಗೂ ಮತ ಕೊಡಬಹುದಲ್ಲ?

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂತು. 2016ರಲ್ಲಿ ಮತ ಸಿಗದ ಆ 17ರವರು ಆಗ 20 ದಾಟಿದ್ದರು. 2025ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಮತದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ ಘೋಷಿಸಿತು. ಆದರೆ ಅಲ್ಲಿ ಇಡೀ ದೇಶದ ಜನಮತಗಣನೆ ನಡೆಸಲು ಪ್ರತಿ ಸಲವೂ ಬೇರೆ ಕಾಯಿದೆ ಬೇಕು. ಯಾರಿಗೆ ಮತ ಎಂಬುದನ್ನು ಆ ಕಾಯಿದೆಯಲ್ಲೇ ಬರೆಯುತ್ತಾರೆ. ಯುರೋಪಿನ ಪ್ರಶ್ನೆ ಮತ್ತೆ ಜನರ ಮುಂದೆ ಬಂದರೆ, 16ರವರ ಹೆಸರನ್ನು ಸಂಸತ್ತು ಅದರಲ್ಲಿ ಮತ್ತೊಮ್ಮೆ ಸೇರಿಸಬೇಕಾಗುತ್ತದೆ.

ನಮಸ್ಕಾರ.