ಹಿಡಿದು ಬಿಡುವ ಲೋಹ

ಕೇಳುಗರಿಗೆಲ್ಲ ನಮಸ್ಕಾರ.

ಅಡಿಕೆ ಕೊಯ್ಲಿನ ದಿನ ಕೊನೆಗೌಡರು ಮರ ಹತ್ತುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಕಾಲಿಗೆ ತಳೆ, ಅಂದರೆ ಎರಡೂ ಪಾದ ಸೇರಿಸುವ ಬಳೆ, ಹಾಕಿಕೊಳ್ಳುತ್ತಾರೆ. ಪಾದಗಳು ಮರವನ್ನು ಕಚ್ಚಿ ಹಿಡಿಯುತ್ತವೆ, ಮೈ ಮೇಲೇಳುತ್ತದೆ. ಆಮೇಲೆ ಪಾದ ಸಡಿಲವಾಗುತ್ತದೆ, ಒಂದು ಮೊಳ ಮೇಲೆ ಹೋಗಿ ಮತ್ತೆ ಹಿಡಿಯುತ್ತದೆ. ಹಿಡಿತ ಸಾಲದಿದ್ದರೆ ಜಾರಿ ಬೀಳುತ್ತಾರೆ. ಬಿಗಿಯಾಗಿ ಹಿಡಿದು ಅಲ್ಲೇ ಉಳಿದುಬಿಟ್ಟರೆ ಅಡಿಕೆ ಕೊನೆ ಕೈಗೆ ಸಿಗುವುದಿಲ್ಲ. ಹಿಡಿಯಬೇಕು, ಬಿಡಬೇಕು. ಒಂದು ಮರ ಮುಗಿದರೆ ಇನ್ನೊಂದು. ಸಂಜೆಯ ಹೊತ್ತಿಗೆ ಇಡೀ ತೋಟದ ಕೊನೆ ಅಂಗಳದಲ್ಲಿರುತ್ತದೆ.

ನಾನು ಕೆಮಿಕಲ್ ಇಂಜಿನಿಯರ್. ಊರು ಸಾಗರದ ಹತ್ತಿರ. ಕೆಲಸ ಕೆಟಲಿಸ್ಟ್‌ಗಳ ಮೇಲೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಕ್ರಿಯಾವರ್ಧಕ ಎನ್ನುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ನಾನು ಮೊದಲು ಕೊನೆಗೌಡರ ಪಾದವನ್ನು ನೆನಪಿಸುತ್ತೇನೆ. ಲೋಹದ ಮೇಲೆ ಅನಿಲದ ಅಣು ಬಂದು ಕೂರುತ್ತದೆ. ಲೋಹ ಅದನ್ನು ಹಿಡಿದು, ಒಳಗಿನ ಕಟ್ಟು ಬಿಡಿಸುತ್ತದೆ. ಬಿಡಿಯಾದ ಚೂರುಗಳು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಆಗ ಲೋಹ ಅವನ್ನು ಬಿಟ್ಟುಕೊಡಬೇಕು. ತಾನು ಖರ್ಚಾಗದೆ ಮುಂದಿನ ಅಣುವಿಗೆ ಜಾಗ ಮಾಡಬೇಕು.

ಈ ಹದವನ್ನು ಮೊದಲು ಕಂಡವರಲ್ಲಿ ಒಬ್ಬರು ಫ್ರಾನ್ಸ್‌ನ ಪಾಲ್ ಸಬಾಟಿಯೆ. ನಿಕ್ಕಲ್ ಪುಡಿಯ ಮೇಲೆ ಹೈಡ್ರೋಜನ್ ಹಾಯಿಸಿ ಮಾಡಿದ ಕೆಲಸಕ್ಕೆ ಅವರಿಗೆ 1912ರಲ್ಲಿ ನೊಬೆಲ್ ಬಂತು. ಆ ಕೆಲಸ ನಮ್ಮ ಅಡುಗೆಮನೆಗೂ ಬಂದಿದೆ. ಎಣ್ಣೆಯನ್ನು ಗಟ್ಟಿ ಮಾಡಿ ಡಾಲ್ಡಾ ಮಾಡುವುದು ನಿಕ್ಕಲ್ ಪುಡಿಯಿಂದಲೇ. ಪ್ಲಾಟಿನಂ ಮುಂದೆ ನಿಕ್ಕಲ್ ಬಹಳ ಅಗ್ಗ. ಅದಕ್ಕೇ ನಾನು ಅದನ್ನು ಹಿಡಿದುಕೊಂಡಿದ್ದೇನೆ.

ನಾನು ಆರಿಸಿಕೊಂಡ ಅನಿಲ ನಿಮಗೆಲ್ಲ ಗೊತ್ತಿರುವುದೇ. ಗೋಬರ್ ಗ್ಯಾಸ್. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ಆ ಗುಂಡಿ ಇದೆ. ಅದರಲ್ಲಿ ನೂರಕ್ಕೆ ಸುಮಾರು 60 ಭಾಗ ಮೀಥೇನ್, ಉಳಿದದ್ದು ಹೆಚ್ಚುಕಡಿಮೆ ಕಾರ್ಬನ್ ಡೈಆಕ್ಸೈಡ್. ಒಲೆಯಲ್ಲಿ ಉರಿಯುವುದು ಮೀಥೇನ್. ಕಾರ್ಬನ್ ಡೈಆಕ್ಸೈಡ್ ಸುಮ್ನೆ ಜೊತೆಗೆ ಬಂದು ಹೊರಗೆ ಹೋಗುತ್ತದೆ. ಆದರೆ ನಿಕ್ಕಲ್ ಮೇಲೆ, 700ರಿಂದ 800 ಡಿಗ್ರಿ ಶಾಖದಲ್ಲಿ, ಈ ಎರಡೂ ಒಂದನ್ನೊಂದು ಒಡೆಯುತ್ತವೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಹುಟ್ಟುತ್ತವೆ. ಸ್ವಲ್ಪ ಹಬೆಯನ್ನೂ ಸೇರಿಸಿದರೆ ಹೈಡ್ರೋಜನ್ ಪಾಲು ಹೆಚ್ಚುತ್ತದೆ. ಆ ಮಿಶ್ರಣವನ್ನು ತಾಮ್ರ ಮತ್ತು ಸತುವಿನ ಇನ್ನೊಂದು ಕೆಟಲಿಸ್ಟ್ ಮೇಲೆ ಒತ್ತಡದಲ್ಲಿ ಹಾಯಿಸಿದರೆ ಮೀಥನಾಲ್ ಸಿಗುತ್ತದೆ. ಈ ಎರಡನೇ ಹೆಜ್ಜೆ 1960ರ ದಶಕದಿಂದ ಜಗತ್ತಿನ ಕಾರ್ಖಾನೆಗಳಲ್ಲಿ ನಡೆಯುತ್ತಿದೆ, ಅದರಲ್ಲಿ ನನಗೆ ಹೊಸದೇನೂ ಇಲ್ಲ. ಮೀಥನಾಲ್ ದ್ರವ, ಕ್ಯಾನಿನಲ್ಲಿ ತುಂಬಿಡಬಹುದು, ಇಂಜಿನ್ನಿಗೆ ಹಾಕಬಹುದು. ಒಂದು ಮಾತು ಹೇಳಲೇಬೇಕು: ಅದು ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಎರಡು ಹಸು ಇರುವ ಮನೆಯ ಗ್ಯಾಸ್ ಒಲೆಗೇ ಹೋಗಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಯೋಚಿಸುತ್ತಿರುವುದು ದೊಡ್ಡ ಡೈರಿ, ಪೇಟೆಯ ಹಸಿ ಕಸ, ನೂರಾರು ಮಕ್ಕಳು ಉಣ್ಣುವ ಹಾಸ್ಟೆಲ್, ಇಂಥ ಕಡೆ ಉಳಿಯುವ ಗ್ಯಾಸ್ ಬಗ್ಗೆ. ಕುಲುಮೆಯ ಶಾಖವೂ ಬಿಸಿಲಿನ ಕರೆಂಟಿನಿಂದ ಬರಬೇಕು. ಕಟ್ಟಿಗೆ ಸುಟ್ಟು ಇದನ್ನು ಮಾಡುವುದಾದರೆ ಮಾಡದೇ ಇರುವುದು ಒಳ್ಳೆಯದು.

ಕಟ್ಟಿಗೆಯ ಮಾತು ಬಂದಿದ್ದರಿಂದ ಭದ್ರಾವತಿಯನ್ನು ನೆನೆಯುತ್ತೇನೆ. 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದಾಗ ಅದರ ಹೆಸರಿನಲ್ಲೇ ವುಡ್ ಡಿಸ್ಟಿಲೇಷನ್ ಎಂಬ ಮಾತಿತ್ತು. 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ನಮ್ಮ ಕಾಡಿನಿಂದ. ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿ ಇದ್ದಿಲು ಮಾಡುತ್ತಿದ್ದರು, ಹೊಗೆಯನ್ನು ತಣಿಸಿದಾಗ ಟಾರು ಇಳಿಯುತ್ತಿತ್ತು, ಮೀಥನಾಲ್ ಕೂಡ. ಅಂದರೆ ನಾನು ಸಗಣಿಯಿಂದ ತೆಗೆಯಲು ನೋಡುತ್ತಿರುವುದು ನೂರು ವರ್ಷದ ಹಿಂದೆ ಈ ಜಿಲ್ಲೆಯಲ್ಲೇ ಮರದಿಂದ ಬರುತ್ತಿತ್ತು. ವಿಶ್ವೇಶ್ವರಯ್ಯನವರ ಕಾಲದ ಆ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಅದಕ್ಕೆ ಉರುಳಿದ ಮರಗಳ ಲೆಕ್ಕವೂ ಮನಸ್ಸಿನಲ್ಲಿದೆ. ಮುಂದೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು. ನನ್ನ ಅಜ್ಜಿಯ ತವರುಮನೆ ಮುಳುಗಡೆಯಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ದಡದಲ್ಲಿ ನಿಂತು, ಅಗೋ ಅಲ್ಲಿ ನಮ್ಮ ಬಾವಿ ಇತ್ತು ಅಂತ ಕೈ ತೋರಿಸುತ್ತಿದ್ದರು. ನಾಡಿಗೆ ಬೇಕಾದ ಶಕ್ತಿಗೆ ಮಲೆನಾಡು ಕಾಡು ಕೊಟ್ಟಿದೆ, ಊರು ಕೊಟ್ಟಿದೆ. ಈ ಸಲ ಕೊಟ್ಟಿಗೆಯಲ್ಲಿ ಉಳಿದದ್ದನ್ನಷ್ಟೇ ಕೊಡುವ ದಾರಿ ಇದ್ದರೆ ಅದನ್ನು ಹುಡುಕಬೇಕು. ನಾನು ಈ ವಿಷಯಕ್ಕೆ ಬಂದಿದ್ದು ಹಾಗೆ.

ಈ ನಿಕ್ಕಲ್ ಕೆಟಲಿಸ್ಟ್ ಪುಡಿಯನ್ನು ಮಾಡುವ ಕೆಲಸ ಹೇಗಿರುತ್ತದೆ ಹೇಳುತ್ತೇನೆ. ಅಲ್ಯೂಮಿನಾ ಎಂಬ ಬಿಳಿ ಪುಡಿ, ಅಕ್ಕಿ ಹಿಟ್ಟಿನ ಹಾಗೆ. ನೋಡಲು ಒಂದು ಚಿಟಿಕೆ, ಒಳಗೆಲ್ಲ ತೂತು. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಹರಡಿದರೆ 200 ಚದರ ಮೀಟರ್ ಹತ್ತಿರ ಆಗುತ್ತದೆ, ಅಡಿಕೆ ಒಣಗಿಸುವ ಒಂದು ಅಂಗಳ. ನಿಕ್ಕಲ್ ನೈಟ್ರೇಟನ್ನು ನೀರಿಗೆ ಹಾಕಿದರೆ ಚಂದದ ಹಸಿರು ಬಣ್ಣ ಬರುತ್ತದೆ. ಅದನ್ನು ಪುಡಿಯ ಮೇಲೆ ಹನಿಹನಿಯಾಗಿ ಬಿಟ್ಟು ಕಲಸಬೇಕು. ಒದ್ದೆಯಾಗಬೇಕು, ನೀರು ನಿಲ್ಲಬಾರದು. ಒಂದು ಹನಿ ಜಾಸ್ತಿಯಾದರೂ ಮುದ್ದೆಯಾಗುತ್ತದೆ, ಮತ್ತೆ ಮೊದಲಿನಿಂದ. ಒಣಗಿಸಿ, ಸುಟ್ಟು, ಹೈಡ್ರೋಜನ್ ಕೊಟ್ಟ ಮೇಲೆ ಆ ಹಸಿರು ಹೋಗಿ ಕಪ್ಪು ಬರುತ್ತದೆ. ಆ ಕಪ್ಪಿನಲ್ಲೇ ನಿಕ್ಕಲ್ ಕಣಗಳಿವೆ. ಒಂದು ಮಿಲಿಮೀಟರನ್ನು ಒಂದು ಲಕ್ಷ ಪಾಲು ಮಾಡಿದರೆ ಬರುವ ಗಾತ್ರ ಇರಬೇಕು. ಅದಕ್ಕಿಂತ ದಪ್ಪವಾದರೆ ತೊಂದರೆ ಶುರು.

ಏನು ತೊಂದರೆ? ಮಸಿ. ಮೀಥೇನಿನಿಂದ ಒಡೆದ ಕಾರ್ಬನ್ ಕೆಲವು ಸಲ ನಿಕ್ಕಲ್ ಬಿಟ್ಟು ಹೋಗುವುದೇ ಇಲ್ಲ. ಕಣದ ಅಡಿಯಲ್ಲಿ ಎಳೆಎಳೆಯಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಕಳಲೆ ಮೇಲೇಳುವಾಗ ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತುಕೊಂಡು ಬರುತ್ತದಲ್ಲ, ಹಾಗೇ ಆ ಎಳೆ ತನ್ನ ತುದಿಯಲ್ಲಿ ನಿಕ್ಕಲ್ ಕಣವನ್ನು ಹೊತ್ತು ಏಳುತ್ತದೆ. ನನ್ನ ಒಂದು ಪರೀಕ್ಷೆ ಹನ್ನೊಂದನೇ ಗಂಟೆಗೆ ನಿಂತುಹೋಯಿತು. ಅನಿಲ ಒಳಗೆ ಹೋಗದೆ ಒತ್ತಡದ ಮುಳ್ಳು ಏರುತ್ತಲೇ ಇತ್ತು. ಕುಲುಮೆ ಆರಿಸಿ, ತಣ್ಣಗಾದ ಮೇಲೆ ಬಿಚ್ಚಿ ನೋಡಿದೆ. ಕಿರುಬೆರಳು ದಪ್ಪದ ಕ್ವಾರ್ಟ್ಜ್ ನಳಿಗೆಯ ತುಂಬ ಮಸಿ ಕಟ್ಟಿತ್ತು. ಕಡ್ಡಿ ಹಾಕಿ ತಳ್ಳಿದರೆ ಅಲುಗಲಿಲ್ಲ, ನಳಿಗೆಯೇ ಸೀಳಿತು. ಮೊದಲ ಗಂಟೆಯಲ್ಲಿ ಅದೇ ಪುಡಿ ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತು! ಅವತ್ತಿನಿಂದ ನಾನು ಮೊದಲ ಗಂಟೆಯ ಅಂಕಿ ನೋಡಿ ಖುಷಿಪಡುವುದನ್ನು ಬಿಟ್ಟಿದ್ದೇನೆ. ಯಾವ ಕೆಟಲಿಸ್ಟ್ ಬಗ್ಗೆ ಓದಿದರೂ ಮೊದಲು ಹುಡುಕುವುದು ಎಷ್ಟು ದಿನ ಬಾಳಿತು ಅನ್ನುವುದನ್ನು.

ಮಸಿಗೆ ಒಂದು ಉಪಾಯ ಸೀರಿಯಂ ಆಕ್ಸೈಡ್. ಇದು ನಿಮಗೆ ಅಪರಿಚಿತವಲ್ಲ. ಯಕ್ಷಗಾನದ ಆಟಕ್ಕೆ ಗ್ಯಾಸ್‌ಲೈಟ್ ಹಚ್ಚುತ್ತಿದ್ದ ಕಾಲದಲ್ಲಿ, ಅದರ ಮ್ಯಾಂಟಲ್‌ನಲ್ಲಿ, ಅಂದರೆ ಬೆಳಗುವ ಬಲೆಯ ಚೀಲದಲ್ಲಿ, ನೂರಕ್ಕೆ ಒಂದು ಪಾಲಿನಷ್ಟಿದ್ದು ಬೆಳ್ಳನೆಯ ಬೆಳಕು ಕೊಡುತ್ತಿದ್ದದ್ದು ಇದೇ. ಇದು ತನ್ನೊಳಗಿನ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಮತ್ತೆ ತೆಗೆದುಕೊಳ್ಳುತ್ತದೆ. ನಿಕ್ಕಲ್ ಪಕ್ಕದಲ್ಲಿಟ್ಟರೆ, ಮಸಿ ಕಟ್ಟುವ ಮೊದಲೇ ಕಾರ್ಬನ್ನಿಗೆ ಆಮ್ಲಜನಕ ಕೊಟ್ಟು ಅನಿಲ ಮಾಡಿ ಕಳಿಸುತ್ತದೆ.

ಇನ್ನೊಂದು ಕಾಟ ಗಂಧಕ. ಗೋಬರ್ ಗ್ಯಾಸಿನ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ನಿಕ್ಕಲ್ ಗಂಧಕವನ್ನು ಹಿಡಿದರೆ ಬಿಡುವುದು ಬಹಳ ಕಷ್ಟ. ಒಂದು ಚೂರು ಸಾಕು, ಕಣದ ಮೈಯೆಲ್ಲ ಮುಚ್ಚಿಹೋಗುತ್ತದೆ. ಇದಕ್ಕೆ ನಾನು ಶಿವಮೊಗ್ಗದ ವರ್ಕ್‌ಶಾಪೊಂದರಿಂದ ಲೇಥಿನ ಕಬ್ಬಿಣದ ಸುರುಳಿ ತಂದು, ನೀರು ಚಿಮುಕಿಸಿ ತುಕ್ಕು ಹಿಡಿಸಿದೆ. ಪೈಪಿಗೆ ತುಂಬಿ ಗ್ಯಾಸನ್ನು ಅದರ ಮೂಲಕ ಬಿಟ್ಟರೆ ಗಂಧಕ ತುಕ್ಕಿಗೆ ಅಂಟಿ ಉಳಿಯುತ್ತದೆ. ಕೆಂಪು ತುಕ್ಕು ಕಪ್ಪಾಗುತ್ತ ಬರುತ್ತದೆ. ಪೂರ್ತಿ ಕಪ್ಪಾದಾಗ ಹೊರಗೆ ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ. ಆಗ ಚೆನ್ನಾಗಿ ಬಿಸಿಯೇರುತ್ತದೆ, ಹುಲ್ಲು ದರಗಿನ ಹತ್ತಿರ ಹರಡಬಾರದು. ಗೋಬರ್ ಗ್ಯಾಸಿನಲ್ಲಿ ಇಂಜಿನ್ ಓಡಿಸುವವರೂ ಇದನ್ನೇ ಮಾಡಬಹುದು, ಇಂಜಿನ್ ಒಳಗೆ ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ.

ಈ ಮಾತು ಆಡುತ್ತಿರುವಾಗಲೂ ಲ್ಯಾಬಿನಲ್ಲಿ ಕುಲುಮೆ ಉರಿಯುತ್ತಿದೆ. ಸೀರಿಯಂ ಬೆರೆಸಿದ ಹೊಸ ಪುಡಿ, ತುಕ್ಕಿನ ಪೈಪು ದಾಟಿ ಬಂದ ಗ್ಯಾಸ್. ಹನ್ನೊಂದನೇ ಗಂಟೆ ಮೊನ್ನೆಯೇ ಕಳೆಯಿತು. ವಿದ್ಯಾರ್ಥಿನಿಯೊಬ್ಬಳು ಪಕ್ಕದಲ್ಲಿ ಕೂತು ಗಂಟೆಗೊಂದು ಸಲ ಒತ್ತಡದ ಮುಳ್ಳು ನೋಡಿ ಬರೆದಿಡುತ್ತಿದ್ದಾಳೆ. ಇಲ್ಲಿಂದ ನಾನು ನೇರ ಅಲ್ಲಿಗೇ ಹೋಗುತ್ತೇನೆ. ರಾತ್ರಿಯ ಪಾಳಿ ನನ್ನದು.

ನಮಸ್ಕಾರ.