ವೈಫೈ ಮೇಲೆ ವರ್ಚುವಲ್ ಮಷಿನ್‌ಗೆ ಇಂಟರ್ನೆಟ್: ಬ್ರಿಡ್ಜ್ ಬಿಡಿ, ನ್ಯಾಟ್ ಹಿಡಿಯಿರಿ

(ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ಲ್ಯಾಬ್‌ನಲ್ಲಿ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್, ಚೆನ್ನಾಗಿ ನಡೆಯುತ್ತದೆ. ಅದೇ ಮಷಿನ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ವಿದ್ಯಾನಗರದ ರೂಮಿಗೋ, ಧಾರವಾಡದ ಸಪ್ತಾಪುರದ ಪಿಜಿಗೋ ಹೋಗಿ ತೆರೆದರೆ ಇಂಟರ್ನೆಟ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ವಿಡಿಯೊ ಓಡುತ್ತಿರುತ್ತದೆ, ಒಳಗಿನ ಲಿನಕ್ಸ್ ಮಾತ್ರ ಸುಮ್ನೆ ಕೂತಿರುತ್ತದೆ. ನಿಮ್ಮಲ್ಲಿ ಅರ್ಧ ಜನ ಇದೇ ಪ್ರಶ್ನೆ ಕೇಳಿದ್ದೀರಿ. ಲ್ಯಾಬ್‌ನಲ್ಲಿ ಕೇಬಲ್ ಇತ್ತು, ರೂಮಿನಲ್ಲಿ ವೈಫೈ ಇದೆ. ತೊಂದರೆಯ ಬೇರು ಅಲ್ಲೇ ಇದೆ.

ಮೊದಲು ಒಂದು ತಪ್ಪು ಹುಡುಕಾಟ ನಿಲ್ಲಿಸೋಣ. ಗೆಸ್ಟ್, ಅಂದರೆ ಒಳಗಿನ ಮಷಿನ್‌ನಲ್ಲಿ ವೈಫೈ ಚಿಹ್ನೆ ಹುಡುಕಬೇಡಿ, ಅಲ್ಲಿ ಅದು ಇರುವುದಿಲ್ಲ. ಮಷಿನ್ ಓಡಿಸುವ ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್ ಆಗಲಿ, ಕೆವಿಎಂ ಆಗಲಿ, ಗೆಸ್ಟ್‌ಗೆ ಕೊಡುವುದು ಕೇಬಲ್ ಹಾಕಿದಂತೆ ಕಾಣುವ ಒಂದು ಈಥರ್ನೆಟ್ ಕಾರ್ಡ್. ವೈಫೈ ಪಾಸ್‌ವರ್ಡ್ ಹಾಕುವುದು, ಸಿಗ್ನಲ್ ಹಿಡಿಯುವುದು ಎಲ್ಲ ಹೋಸ್ಟ್‌ನ, ಅಂದರೆ ನಿಮ್ಮ ಲ್ಯಾಪ್‌ಟಾಪಿನ ಕೆಲಸ. ಗೆಸ್ಟ್‌ಗೆ ನಿಜವಾದ ವೈಫೈ ಕಾರ್ಡೇ ಬೇಕೆಂದರೆ ಯುಎಸ್‌ಬಿ ವೈಫೈ ಡಾಂಗಲ್ ಒಂದನ್ನು ಅದಕ್ಕೇ ಬಿಟ್ಟುಕೊಡಬಹುದು. ವೈಫೈ ಸುರಕ್ಷತೆ ಕಲಿಯುವವರಿಗೆ ಅದು ಬೇಕು, ಉಳಿದವರಿಗೆ ಬೇಡ.

ಈಗ ಮುಖ್ಯ ವಿಷಯ. ಲ್ಯಾಬ್‌ನಲ್ಲಿ ಬಹಳ ಸಲ ಬ್ರಿಡ್ಜ್ ಮೋಡ್ ಹಾಕಿರುತ್ತಾರೆ. ಆಗ ಗೆಸ್ಟ್ ತನ್ನದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಹಿಡಿದು ನೆಟ್‌ವರ್ಕಿಗೆ ನೇರ ಹೋಗುತ್ತದೆ. ವರ್ಚುವಲ್‌ಬಾಕ್ಸ್ ಕೊಡುವ ವಿಳಾಸ 08:00:27 ಎಂದು ಶುರುವಾಗುತ್ತದೆ, ಕೆವಿಎಂ ಕೊಡುವುದು 52:54:00 ಎಂದು. ಕೇಬಲ್‌ಗಳನ್ನು ಜೋಡಿಸುವ ಸ್ವಿಚ್‌ಗೆ ಇದರಿಂದ ಏನೂ ತಕರಾರಿಲ್ಲ. ಒಂದೇ ಪೋರ್ಟಿನಿಂದ ಎರಡು ಮ್ಯಾಕ್ ಬಂದರೂ ಅದು ಒಪ್ಪಿಕೊಳ್ಳುತ್ತದೆ.

ವೈಫೈ ಒಪ್ಪುವುದಿಲ್ಲ. ಲ್ಯಾಪ್‌ಟಾಪಿನಿಂದ ಆಕ್ಸೆಸ್ ಪಾಯಿಂಟಿಗೆ, ಅಂದರೆ ವೈಫೈ ಕೊಡುವ ಪೆಟ್ಟಿಗೆಗೆ, ಹೋಗುವ ಫ್ರೇಮಿನಲ್ಲಿ (ಡೇಟಾದ ಒಂದು ಕಂತಿನಲ್ಲಿ) ಸಾಮಾನ್ಯವಾಗಿ ಮೂರು ವಿಳಾಸಗಳಿರುತ್ತವೆ: ಆಕ್ಸೆಸ್ ಪಾಯಿಂಟಿನದು, ಕಳಿಸುವ ಕಾರ್ಡಿನದು, ಕೊನೆಗೆ ತಲುಪಬೇಕಾದವರದು. ಕಳಿಸುವ ಕಾರ್ಡು ಬೇರೆ, ಅದರ ಹಿಂದಿರುವ ಗೆಸ್ಟ್ ಬೇರೆ ಎಂದು ಬರೆಯಲು ಅಲ್ಲಿ ಜಾಗವೇ ಇಲ್ಲ. ಅದರ ಮೇಲೆ ಡಬ್ಲ್ಯುಪಿಎ2 ಎಂಬ ವೈಫೈ ಸುರಕ್ಷತೆ ಇದ್ದರೆ ಸೇರಿಕೊಂಡ ಪ್ರತಿ ಸಾಧನಕ್ಕೂ ಬೇರೆ ಬೇರೆ ಕೀ. ಗೆಸ್ಟ್ ತಾನಾಗಿ ಸೇರಿಕೊಂಡೇ ಇಲ್ಲ, ಹಾಗಾಗಿ ಅದಕ್ಕೆ ಕೀ ಇಲ್ಲ. ಆಕ್ಸೆಸ್ ಪಾಯಿಂಟ್ ಅದರ ಫ್ರೇಮನ್ನು ಬಿಸಾಕುತ್ತದೆ. ಲಿನಕ್ಸ್‌ನಲ್ಲಿ ವೈಫೈ ಕಾರ್ಡನ್ನು ಬ್ರಿಡ್ಜಿಗೆ ಸೇರಿಸಲು ಹೋದರೆ 'ಆಪರೇಷನ್ ನಾಟ್ ಸಪೋರ್ಟೆಡ್' ಎಂದು ಬರುತ್ತದಲ್ವಾ? ಕಾರಣ ಇದೇ. ನಾಲ್ಕು ವಿಳಾಸದ ಮೋಡ್ ಇದೆ, ಆದರೆ ಅದಕ್ಕೆ ಎರಡೂ ಕಡೆಯ ಬೆಂಬಲ ಬೇಕು. ಪಿಜಿಯ ರೂಟರ್‌ನಲ್ಲಿ ಅದನ್ನು ನಂಬಿ ಕೂರಬೇಡಿ.

ವರ್ಚುವಲ್‌ಬಾಕ್ಸ್ ಇದಕ್ಕೊಂದು ಉಪಾಯ ಮಾಡಿದೆ. ಗೆಸ್ಟ್‌ನ ಮ್ಯಾಕ್ ಅಳಿಸಿ ಲ್ಯಾಪ್‌ಟಾಪಿನ ಮ್ಯಾಕ್ ಬರೆದು ಕಳಿಸುತ್ತದೆ. ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ನಾಳೆ ಪ್ರಾಜೆಕ್ಟ್ ತೋರಿಸಬೇಕಾದವರು ಅದರ ಮೇಲೆ ಭಾರ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ನ್ಯಾಟ್, ಅಂದರೆ ಗೆಸ್ಟ್‌ನ ಡೇಟಾವನ್ನು ಹೋಸ್ಟ್ ತನ್ನ ವಿಳಾಸದಲ್ಲೇ ಕಳಿಸುವ ವಿಧಾನ. ರೂಮಿನಲ್ಲಿರುವ ಹುಡುಗರ ಪಾರ್ಸೆಲ್ಲು ಮನೆ ಮಾಲಕರ ಹೆಸರಿಗೆ ಬಂದು, ಅವರು ಯಾವ ರೂಮಿನದು ಎಂದು ನೋಡಿ ಮೇಲೆ ಕಳಿಸಿಕೊಟ್ಟ ಹಾಗೆ. ಹೊರಗಿನವರಿಗೆ ಲ್ಯಾಪ್‌ಟಾಪ್ ಒಂದೇ ಕಾಣುತ್ತದೆ. ಯಾವ ಉತ್ತರ ಗೆಸ್ಟ್‌ಗೆ ಸೇರಿದ್ದು ಎಂಬ ಲೆಕ್ಕ ಹೋಸ್ಟ್ ಬಳಿ ಇರುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಾದರೆ ಮಷಿನ್ ಆಫ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆರೆದು, ನ್ಯಾಟ್ ಆರಿಸಿ, ಮತ್ತೆ ಆನ್ ಮಾಡಿ. ಗೆಸ್ಟ್‌ಗೆ 10.0.2.15 ಸಿಗುತ್ತದೆ, ಗೇಟ್‌ವೇ, ಅಂದರೆ ಹೊರದಾರಿ, 10.0.2.2. ಕೆವಿಎಂನಲ್ಲಾದರೆ ಡೀಫಾಲ್ಟ್ ನೆಟ್‌ವರ್ಕ್ ಚಾಲೂ ಇದೆಯೇ ನೋಡಿ. ಅದು 192.168.122ರ ಸಾಲಿನಲ್ಲಿ ವಿಳಾಸ ಕೊಡುತ್ತದೆ. ಕಾಲೇಜಿನ ವೈಫೈಯಲ್ಲಿ ಬ್ರೌಸರ್ ತೆರೆದು ಲಾಗಿನ್ ಆಗಬೇಕಲ್ಲ, ಅದನ್ನು ಹೋಸ್ಟ್‌ನಲ್ಲಿ ಮಾಡಿದರೆ ಸಾಮಾನ್ಯವಾಗಿ ಗೆಸ್ಟ್‌ಗೂ ಸಾಕು. ವಾರದ ಕೊನೆಗೆ ಗದಗಿಗೋ ಹಾವೇರಿಗೋ ಹೋಗಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದರೂ ಗೆಸ್ಟ್‌ನಲ್ಲಿ ಏನೂ ಬದಲಿಸಬೇಕಿಲ್ಲ.

ಆದರೂ ನೆಟ್ ಬರದಿದ್ದರೆ ಒಳಗಿನಿಂದ ಹೊರಗೆ ಹೆಜ್ಜೆ ಹೆಜ್ಜೆಯಾಗಿ ನೋಡಿ. ಗೆಸ್ಟ್‌ಗೆ ಐಪಿ ವಿಳಾಸ ಬಂದಿದೆಯೇ? ಇಲ್ಲದಿದ್ದರೆ ಲ್ಯಾಬ್‌ನಲ್ಲಿ ಯಾರೋ ಕೈಯಿಂದ ಹಾಕಿದ ಹಳೆಯ ವಿಳಾಸ ಉಳಿದಿರಬಹುದು, ವಿಳಾಸ ತಾನಾಗಿ ಸಿಗುವ ಡಿಎಚ್‌ಸಿಪಿಗೆ ಬದಲಿಸಿ. ವಿಳಾಸ ಇದ್ದರೆ ಹೊರಗಿನ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ನೋಡಿ. ಅದು ಹೋಗಿ, ಹೆಸರಿನ ತಾಣ ತೆರೆಯದಿದ್ದರೆ ಅದು ಡಿಎನ್‌ಎಸ್, ಅಂದರೆ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆಯ ತೊಂದರೆ. ಒಂದು ಎಚ್ಚರಿಕೆ: ಕ್ಯೂಎಮು ಎಂಬ ವರ್ಚುವಲ್ ಮಷಿನ್ ಸಾಫ್ಟ್‌ವೇರಿನ ಯೂಸರ್ ಮೋಡ್‌ನಲ್ಲಿ ನೆಟ್ ಸರಿಯಿದ್ದರೂ ಪಿಂಗ್ ಹೋಗದೆ ಇರಬಹುದು. ಅಲ್ಲಿ ಬ್ರೌಸರ್‌ನಲ್ಲೇ ಪರೀಕ್ಷಿಸಿ.

ನ್ಯಾಟ್‌ಗೆ ಮಿತಿಗಳಿವೆ. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಮಷಿನ್ ಓಡಿಸಿದರೆ ಎರಡಕ್ಕೂ 10.0.2.15 ಎಂದೇ ಕಾಣುತ್ತದೆ. ಗಾಬರಿ ಬೇಡ, ಇಬ್ಬರೂ ಬೇರೆ ಬೇರೆ ನ್ಯಾಟ್ ಹಿಂದೆ ಇದ್ದಾರೆ. ಆದರೆ ಅವರಿಬ್ಬರೂ ಮಾತಾಡಬೇಕೆಂದರೆ 'ನ್ಯಾಟ್ ನೆಟ್‌ವರ್ಕ್' ಎಂಬ ಬೇರೆ ಆಯ್ಕೆ ಹಾಕಬೇಕು. ಹೋಸ್ಟ್‌ನಿಂದ ಗೆಸ್ಟ್ ಒಳಗೆ ಹೋಗಬೇಕೆಂದರೆ ಪೋರ್ಟ್ ಫಾರ್ವರ್ಡಿಂಗ್ ಮಾಡಿ. ಹೋಸ್ಟ್‌ನ 2222 ಎಂಬ ಪೋರ್ಟ್ ಸಂಖ್ಯೆಯನ್ನು ಗೆಸ್ಟ್‌ನ 22ಕ್ಕೆ ಜೋಡಿಸಿದರೆ ಎಸ್‌ಎಸ್‌ಎಚ್ (ಹೊರಗಿನಿಂದ ಲಾಗಿನ್) ಸಿಗುತ್ತದೆ. ಹೋಸ್ಟ್ ಐಪಿ ಜಾಗದಲ್ಲಿ 127.0.0.1 (ಈ ಲ್ಯಾಪ್‌ಟಾಪ್ ಮಾತ್ರ ಎಂಬ ಅರ್ಥ) ಬರೆಯಿರಿ. ಖಾಲಿ ಬಿಟ್ಟರೆ ಅದೇ ವೈಫೈಯಲ್ಲಿರುವ ಬೇರೆಯವರಿಗೂ ಆ ಬಾಗಿಲು ತೆರೆದಿರಬಹುದು. ಪಿಜಿಯಲ್ಲಿ ಎಷ್ಟು ಜನ ಒಂದೇ ವೈಫೈಯಲ್ಲಿರುತ್ತಾರೆ, ನಿಮಗೇ ಗೊತ್ತು. ಪಕ್ಕದ ರೂಮಿನ ಗೆಳೆಯನಿಗೆ ನಿಮ್ಮ ವೆಬ್‌ಸೈಟ್ ತೋರಿಸಬೇಕಾದರೆ ವೆಬ್ ಪೋರ್ಟ್ ಒಂದನ್ನು ಮಾತ್ರ ಅವನಿಗೆ ತೆರೆದುಕೊಡಿ, ಕೆಲಸ ಮುಗಿದ ಮೇಲೆ ಆ ನಿಯಮ ಅಳಿಸಿ.